ಬಾದಾಮಿಗೆ ಒಂದು ರಾತ್ರಿ ಕೊಡ್ರಿ

ಈಗಷ್ಟೇ ಬೆಂಗಳೂರಿನ ಗೆಳೆಯರ ವೀಕೆಂಡ್ ಪ್ಲ್ಯಾನ್ ವಾಟ್ಸ್ಯಾಪಿಗೆ ಬಂತು. ಶನಿವಾರ ಮುಂಜಾನೆ ಬಾದಾಮಿ, ಮಧ್ಯಾಹ್ನ ಪಟ್ಟದಕಲ್ಲು, ಸಂಜಿಗೆ ಐಹೊಳೆ, ರಾತ್ರಿ ವಾಪಸ್. ಓದಿ ಹೊಟ್ಟಿ ಚುರ್ ಅಂತು.

ಅಲ್ರಿ, ಸುಮಾರು ಎರಡು ನೂರು ವರ್ಷ ಚಾಲುಕ್ಯರ ರಾಜಧಾನಿ ಆಗಿದ್ದ ಊರು ಬಾದಾಮಿ! ಒಂದನೇ ಪುಲಿಕೇಶಿ ಇಲ್ಲಿ ಕೋಟಿ ಕಟ್ಟಿಸಿದ್ದು 543ರಾಗ. ಇಮ್ಮಡಿ ಪುಲಿಕೇಶಿ ಆಳಿದ್ದೂ ಇಲ್ಲಿಂದನ. ಅಂಥಾ ಊರಿಗೆ ಮೂರು ತಾಸು ಯಾವ ಮೂಲಿಗೆ ಸಾಕಾಗ್ತದ?

ಇಲ್ಲಿನ ಗುಹಾ ಗುಡಿಗಳೊಳಗ ಮೂರನೇದು ಒಂದ ತಗೋರಿ. 578ರದು, ಮಂಗಳೇಶ ಮಾಡಿಸಿದ್ದು. ಮಂದಿ ವಿಷ್ಣುವಿನ ಮುಂದ ಫೋಟೋ ತಕ್ಕೊಂಡು ಹೊಂಟ್ ಬಿಡ್ತಾರ. ಕಂಬದ ಬಾಜೂಕ ನಿಂತು ಕತ್ತೆತ್ತಿ ನೋಡ್ರಿ, ಗಿಡದ ಕೆಳಗ ಒಬ್ಬರಿಗೊಬ್ಬರು ಆತು ನಿಂತ ಗಂಡು-ಹೆಣ್ಣಿನ ಜೋಡಿಗಳು ಅದಾವ. ಒಂದು ಜೋಡಿ ಇದ್ದಂಗ ಇನ್ನೊಂದಿಲ್ಲ. ಅವನ್ನ ನೋಡಾಕನ ಅರ್ಧ ತಾಸು ಬೇಕು.

ಸಂಜಿಗೆ ಅಗಸ್ತ್ಯ ತೀರ್ಥದ ದಂಡಿ ಹಿಡಿದು ಭೂತನಾಥ ಗುಡಿ ತನಕ ನಡೀರಿ. ಇಳಿ ಬಿಸಲಾಗ ಆ ಕೆಂಪು ಬಂಡಿ ನೋಡಬೇಕು! ಅದಕ್ಕಂತಾನ ರಾತ್ರಿ ಅಲ್ಲೇ ಉಳೀರಿ ಅನ್ನೂದು. ಐತವಾರ ಮಹಾಕೂಟ, ಪಟ್ಟದಕಲ್ಲು. ಊಟಕ್ಕ ಬನಶಂಕರಿ ಗುಡಿ ಹತ್ರ ಬುಟ್ಟಿ ಇಟ್ಕೊಂಡು ಕುಂತ ಅವ್ವಂದಿರ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಐಹೊಳೆಗೆ ಇನ್ನೊಮ್ಮೆ ಬರ್ರಿ, ಆವಾಗ ಹುನಗುಂದ, ಇಳಕಲ್ಲನೂ ಸೇರಿಸಿ.

ನಮ್ಮ ಕಡೆಯವರು ಹೇಳ್ರಿ, ಎರಡು ದಿನಕ್ಕ ಬಂದವರಿಗೆ ನೀವು ಏನು ತೋರಿಸ್ತೀರಿ?