ಗುಜರಿ ಗಾಡಿಯ ಬ್ರೇಕು

ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆ ಅಂದರೆ ಯಶವಂತರಾವ್ ಚವ್ಹಾಣರು ಹುಟ್ಟಿದ ಊರು ಅಂತ ನಾವು ಪಾಠದಲ್ಲಿ ಹೇಳುತ್ತ ಬಂದವರು. 2021ರ ಡಿಸೆಂಬರಿನಿಂದ ಈಚೆಗೆ ನಮ್ಮ ಮಕ್ಕಳ ಬಾಯಲ್ಲಿ ಅದು ದತ್ತಾತ್ರೇಯ ಲೋಹಾರರ ಊರು! ಕಮ್ಮಾರಿಕೆ ಮಾಡುವ ಈ ಮನುಷ್ಯ ಮಗನ ಆಸೆಗಾಗಿ ಗುಜರಿ ಸಾಮಾನು ಕೂಡಿಸಿ, ಸುಮಾರು 60 ಸಾವಿರ ರೂಪಾಯಿಯಲ್ಲಿ, ಮೋಟಾರ್ ಸೈಕಲ್ಲಿನ ಹಾಗೆ ಕಿಕ್ ಹೊಡೆದು ಚಾಲೂ ಮಾಡುವ ಪುಟ್ಟ ಜೀಪು ಕಟ್ಟಿದರು. ಅದರ ವಿಡಿಯೋ ನೋಡಿದ ಆನಂದ್ ಮಹೀಂದ್ರಾ, ಆ ಗಾಡಿ ಕೊಟ್ಟರೆ ಬದಲಿಗೆ ಬೊಲೆರೊ ಕೊಡುತ್ತೇವೆ ಅಂದರು. 2022ರ ಜನವರಿಯಲ್ಲಿ ಕೊಟ್ಟರು ಕೂಡ. ಜೊತೆಗೆ ಇನ್ನೊಂದು ಮಾತೂ ಹೇಳಿದ್ದರು: ಇದು ನಿಯಮಕ್ಕೆ ಹೊಂದುವ ಗಾಡಿಯಲ್ಲ, ಇಂದಲ್ಲ ನಾಳೆ ಅಧಿಕಾರಿಗಳು ತಡೆಯುತ್ತಾರೆ ಅಂತ. ಆದರೆ ಹುಡುಗರ ಕಿವಿಗೆ ಬಿದ್ದದ್ದು ಬೊಲೆರೊ ಮಾತ್ರ!

ನಮ್ಮ ದಾಳಿಂಬದಲ್ಲೂ ಅಂಥದೊಂದು ಗಾಡಿ ಇದೆ. ನಮ್ಮಲ್ಲೇ ಕನ್ನಡದಲ್ಲಿ ಹತ್ತನೇ ಇಯತ್ತೆ ಮುಗಿಸಿದ ಹುಡುಗ ಗುಜರಿಗೆ ಬಂದ ಓಮ್ನಿಯ ಎಂಜಿನ್ನು, ಎಕ್ಸೆಲ್ಲು ತಂದು, ಅಪ್ಪನ ವೆಲ್ಡಿಂಗ್ ಅಂಗಡಿಯಲ್ಲಿ ಚೌಕಟ್ಟು ಕಟ್ಟಿದ. ಬಾಗಿಲಿಲ್ಲ, ಮಾಡಿಲ್ಲ, ಆದರೂ ಓಡುತ್ತದೆ. ಸಂಜೆಯಾದರೆ ಊರ ಮಕ್ಕಳೆಲ್ಲ ಅದರ ಮೇಲೆಯೇ. ಒಂದು ದಿನ ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದ್ದ ಗಾಡಿ ನಾಲ್ಕು ಮಕ್ಕಳನ್ನು ಹೊತ್ತುಕೊಂಡೇ ಮೆಲ್ಲಗೆ ಜಾರಿತು. ಪಕ್ಕದಲ್ಲಿದ್ದವರು ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತು ಹುಡುಗನ ಅಪ್ಪ ಆಡಿದ ಮಾತು ನಮ್ಮ ತಲೆಯಲ್ಲಿ ಕೂತುಬಿಟ್ಟಿತು. "ಓಡಸೂದು ಯಾರಿಗಾದ್ರೂ ಬರ್ತದ ಗುರುಜೀ, ನಿಂದರಸೂದು ಬರಬೇಕು."

ಮುಂದಿನ ಭಾನುವಾರ ನಾವೆಲ್ಲ ಕೂತು ಹಿಂದಿನ ಎರಡೂ ಡ್ರಮ್ ಬಿಚ್ಚಿದೆವು. ನಾವು ಅಂದರೆ ಶಾಲೆಯ ಇಬ್ಬರು ಮೇಷ್ಟ್ರು, ವೆಲ್ಡಿಂಗ್ ಅಂಗಡಿಯ ಕಾಕಾ ಮತ್ತು ಆ ಹುಡುಗ. ಮುಂದಿನ ಬ್ರೇಕು ಡಿಸ್ಕು, ಅದು ಚೆನ್ನಾಗಿತ್ತು. ರೋಗ ಇದ್ದದ್ದು ಹಿಂದೆ. ಹ್ಯಾಂಡ್ ಬ್ರೇಕ್ ಎಳೆಯುವುದೂ ಆ ಹಿಂದಿನ ಶೂಗಳನ್ನೇ ನೋಡಿ!

ಮುಂದಿನ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಟ್ಟೆವು. ಜ್ಯಾಕಿನ ಮೇಲಷ್ಟೇ ನಂಬಿಕೆ ಇಡದೆ ಎಕ್ಸೆಲ್ ಕೆಳಗೆ ಗಟ್ಟಿ ಮರದ ದಿಮ್ಮಿ ಇಟ್ಟೆವು. ಹ್ಯಾಂಡ್ ಬ್ರೇಕ್ ಸಡಿಲ ಮಾಡಿದೆವು. ಡ್ರಮ್ಮು ತುಕ್ಕು ಹಿಡಿದು ಕೂತಿತ್ತು. ಹುಡುಗ ಸುತ್ತಿಗೆ ಎತ್ತಿದ, ಕಾಕಾ ತಡೆದರು. ಡ್ರಮ್ಮಿನ ಮುಖದ ಮೇಲೆ ಮರೆ ಇರುವ ಎರಡು ತೂತುಗಳಿರುತ್ತವೆ. ಅವಕ್ಕೆ 8 ಎಂಎಂ ಬೋಲ್ಟ್ ಎರಡು ಹಾಕಿ, ಒಂದಿಷ್ಟು ಇದನ್ನು, ಒಂದಿಷ್ಟು ಅದನ್ನು ತಿರುಗಿಸುತ್ತ ಹೋದರೆ ಡ್ರಮ್ಮು ತಾನಾಗಿಯೇ ಹೊರಗೆ ಬರುತ್ತದೆ. ಬಂತು.

ಒಳಗೆಲ್ಲ ಕರಿ ಧೂಳು. ಇದನ್ನು ಬಾಯಿಂದ ಊದಬಾರದು, ಗಾಳಿಯ ಪೈಪೂ ಹಿಡಿಯಬಾರದು. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದು, ಅದರ ಧೂಳು ಪುಪ್ಪುಸಕ್ಕೆ ವಿಷ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಒದ್ದೆ ಅರಿವೆಯಿಂದ ಒರೆಸಿ, ಆ ಅರಿವೆಯನ್ನು ಚೀಲದಲ್ಲಿ ಕಟ್ಟಿ ಬಿಸಾಕಿದೆವು.

ಬಲಗಡೆ ಕಾರಣ ಕಣ್ಣಿಗೇ ಬಿತ್ತು. ವೀಲ್ ಸಿಲಿಂಡರಿನ ರಬ್ಬರು ಹಳತಾಗಿ ಬ್ರೇಕ್ ಆಯಿಲ್ ಜಿನುಗಿ, ಲೈನರೆಲ್ಲ ಜಿಡ್ಡು. ಜಿಡ್ಡಾದ ಲೈನರು ಡ್ರಮ್ಮನ್ನು ಹಿಡಿಯುವುದಾದರೂ ಹೇಗೆ? ತೊಳೆದು ಮತ್ತೆ ಹಾಕೋಣ ಅಂದ ಹುಡುಗ. ಎಣ್ಣೆ ಕುಡಿದ ಲೈನರು ಎಷ್ಟು ತೊಳೆದರೂ ಕಾದಾಗ ಮತ್ತೆ ಎಣ್ಣೆ ಬಿಡುತ್ತದೆ. ಉಮರ್ಗಾದಿಂದ ಸಿಲಿಂಡರು, ಶೂ, ಸ್ಪ್ರಿಂಗು ಎಲ್ಲ ಹೊಸದು ತರಿಸಿದ್ದೆವು, ಅದೂ ಎರಡೂ ಕಡೆಗೆ. ಒಂದೇ ಕಡೆ ಹೊಸದು ಹಾಕಿದರೆ ಗಾಡಿ ಅತ್ತ ಎಳೆಯುತ್ತದೆ.

ಕಾಕಾ ಹೇಳಿದ ಒಂದು ಉಪಾಯ ಎಲ್ಲರಿಗೂ ಬೇಕಾದದ್ದು. ಎರಡೂ ಕಡೆ ಒಟ್ಟಿಗೆ ಬಿಚ್ಚಬೇಡಿ. ಒಂದು ಬಿಚ್ಚಿದಾಗ ಇನ್ನೊಂದು ಹಾಗೇ ಇರಲಿ, ಯಾವ ಸ್ಪ್ರಿಂಗು ಯಾವ ತೂತಿಗೆ ಅನ್ನುವುದಕ್ಕೆ ಅದೇ ಪುಸ್ತಕ (ಎಡ ಬಲ ಅದಲುಬದಲು ಅನ್ನುವುದು ನೆನಪಿದ್ದರೆ ಸಾಕು). ಶೂ ಒರಗುವ ತಗಡಿನ ಜಾಗಗಳಿಗೆ ಮಾತ್ರ ತೆಳ್ಳಗೆ ಗ್ರೀಸ್. ಲೈನರಿಗೆ ಗ್ರೀಸ್ ಮೆತ್ತಿದ ಬೆರಳು ಕೂಡ ತಾಗಬಾರದು.

ಜೋಡಿಸುವಾಗ ನಮ್ಮೊಳಗಿನ ಮೇಷ್ಟ್ರು ಸುಮ್ಮನಿರಬೇಕಲ್ಲ! ಗಾಡಿ ಮುಂದೆ ಹೋಗುವಾಗ ತಿರುಗುವ ಡ್ರಮ್ಮು ಮುಂದಿನ ಶೂವನ್ನು ತನ್ನ ಜೊತೆ ಎಳೆದುಕೊಂಡು ಹೋಗಲು ನೋಡುತ್ತದೆ. ಕೆಳಗೆ ಆನಿಕೆ ಇರುವುದರಿಂದ ಶೂ ಹೋಗಲಾರದೆ ಇನ್ನಷ್ಟು ಬಿಗಿಯಾಗಿ ಡ್ರಮ್ಮಿಗೆ ಒತ್ತಿಕೊಳ್ಳುತ್ತದೆ. ಹಿಂದಿನ ಶೂವನ್ನು ಅದೇ ಡ್ರಮ್ಮು ತನ್ನಿಂದ ದೂರ, ಒಳಗೆ ತಳ್ಳುತ್ತದೆ. ನಮ್ಮ ಕಾಲಿನ ಬಲಕ್ಕೆ ಗಾಲಿಯ ಬಲವೇ ಸೇರಿ ಗಾಲಿಯನ್ನು ನಿಲ್ಲಿಸುವ ಈ ಡ್ರಮ್ ಬ್ರೇಕನ್ನು ಫ್ರಾನ್ಸಿನ ಲೂಯಿ ರೆನೊ 1902ರಲ್ಲೇ ಮಾಡಿದ್ದ. ಹುಡುಗ ಕೇಳಿದ, "ಗುರುಜೀ, ಪುಸ್ತಕದಾಗ ಇತ್ತಲ್ರೀ ಘರ್ಷಣೆ, ಅದು ಇದೇನ?" ಹೌದಪ್ಪಾ, ಅದೇ ಇದು.

ಆಯಿಲ್ ತುಂಬುವಾಗ ಉಳಿದ ಎಂಜಿನ್ ಆಯಿಲನ್ನೇ ಹಾಕಿದರಾಗದೇ ಅಂತ ನೋಡಲು ಬಂದವರೊಬ್ಬರು ಕೇಳಿದರು. ಆಗದು. ಒಳಗಿನ ರಬ್ಬರು ಉಬ್ಬಿ ಬ್ರೇಕೇ ಕೆಡುತ್ತದೆ. ಡಬ್ಬಿಯ ಮೇಲೆ ಬರೆದಿರುವ ಬ್ರೇಕ್ ಆಯಿಲೇ ಬೇಕು. ಆಮೇಲೆ ಗಾಳಿ ತೆಗೆಯುವ ಕೆಲಸ. ಒಬ್ಬರು ಪೆಡಲಿನ ಮೇಲೆ, ಒಬ್ಬರು ಗಾಲಿಯ ಹತ್ತಿರ. "ಒತ್ತು... ಹಿಡಿ... ಬಿಡು." ಪಾರದರ್ಶಕ ನಳಿಕೆಯಲ್ಲಿ ಗುಳ್ಳೆ ನಿಲ್ಲುವವರೆಗೂ ಇದೇ ಮೂರು ಶಬ್ದ. ಕೊನೆಗೆ ಪೆಡಲು ಕಲ್ಲಿನಷ್ಟು ಗಟ್ಟಿಯಾಯಿತು. ಡ್ರಮ್ಮು ಸ್ವಲ್ಪ ಉಜ್ಜುವಷ್ಟು ಅಡ್ಜಸ್ಟರ್ ಬಿಗಿಮಾಡಿ, ಗಾಲಿ ಸಲೀಸಾಗಿ ತಿರುಗುವಷ್ಟು ಸಡಿಲಿಸಿದೆವು.

ಹೊಲದ ದಾರಿಯಲ್ಲಿ, ಮಕ್ಕಳನ್ನೆಲ್ಲ ಬದುವಿನ ಮೇಲೆ ನಿಲ್ಲಿಸಿ ಪರೀಕ್ಷೆ ನಡೆಯಿತು. ಮೊದಲು ನಡಿಗೆಯ ವೇಗ, ಆಮೇಲೆ ಗಂಟೆಗೆ 20 ಕಿಲೋಮೀಟರು. ನೇರಕ್ಕೆ ನಿಂತಿತು. ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕೂ ಹಿಡಿಯಿತು. 40ಕ್ಕೆ ಹೋಗೋಣ ಅಂದ ಹುಡುಗ. ಅಲ್ಲೇ ಮಣ್ಣಿನ ಮೇಲೆ ಕಡ್ಡಿಯಿಂದ ಲೆಕ್ಕ ಬರೆಸಿದೆವು. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. 20ಕ್ಕೆ 3 ಮೀಟರ್ ಬೇಕಾದರೆ 40ಕ್ಕೆ 12. ಕಾಲು ಪೆಡಲಿಗೆ ಹೋಗುವಷ್ಟರಲ್ಲಿ ಓಡಿದ ದೂರ ಬೇರೆ. ಹುಡುಗ ಬದುವಿನ ಮೇಲಿದ್ದ ಮಕ್ಕಳನ್ನು ನೋಡಿದ, ಸುಮ್ಮನಾದ.

ಈ ಗಾಡಿ ಹೆದ್ದಾರಿಗೆ ಹೋಗುವುದಿಲ್ಲ. ರಸ್ತೆಗೆ ಇಳಿಯುವ ಮಾದರಿಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಪುಣೆಯ ಎಆರ್‌ಎಐನಂಥ ಸಂಸ್ಥೆಯ ಪರೀಕ್ಷೆ ಆಗಬೇಕು. ಕಾಕಾ ಅದಕ್ಕೆ ಒಪ್ಪಿದ್ದಾರೆ. ಹೊಲದೊಳಗೆ ಮೇವು ಹೊತ್ತರೆ ಸಾಕಂತೆ.

ನಮಗಿರುವ ಚಿಂತೆ ಬೇರೆ. ಬಾಲಭಾರತಿಯ ಕನ್ನಡ ಪುಸ್ತಕದಲ್ಲಿ ಓದಿದ ಈ ಹುಡುಗ ಮುಂದೆ ಐಟಿಐಗೆ ಹೋದರೆ ಪಾಠವೆಲ್ಲ ಮರಾಠಿಯಲ್ಲಿ. ಕನ್ನಡ ಶಾಲೆಗೆ ಹಾಕಿ ಏನು ಸಿಕ್ಕಿತು ಅಂತ ಊರಲ್ಲಿ ಕೇಳುವವರಿದ್ದಾರೆ. ಕೇಳಲಿ. ಶೂ ಏಕೆ ಹಿಡಿಯುತ್ತದೆ, ಏಕೆ ಜಾರುತ್ತದೆ ಅನ್ನುವುದು ಅವನಿಗೆ ತನ್ನ ಮಾತಿನಲ್ಲಿ ಗೊತ್ತಾಗಿದೆ. ಗೊತ್ತಾದದ್ದನ್ನು ಮರಾಠಿಯಲ್ಲಿ ಹೇಳಲು ಎಷ್ಟು ದಿನ ಬೇಕು? ಅರ್ಜಿ ತುಂಬಿಸಿದ್ದೇವೆ. ನೀವೇನಂತೀರಿ?