ಹಿಮಹಕ್ಕಿಗಳ ಹಾದಿಯಲ್ಲಿ

ಜನವರಿ ತಿಂಗಳಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಸರೋವರಗಳ ಮೇಲೆ ಮೋಟಾರು ಗಾಡಿಗಳು ಓಡಾಡುತ್ತವೆ. ನೀರು ಅಷ್ಟು ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ. ರಾತ್ರಿಯ ಉಷ್ಣಮಾನ ಶೂನ್ಯಕ್ಕಿಂತ ಹತ್ತು ಹದಿನೈದು ಡಿಗ್ರಿ ಕೆಳಗಿಳಿಯುವುದು ಅಲ್ಲಿ ಸುದ್ದಿಯೇ ಅಲ್ಲ. ಅದೇ ತಿಂಗಳಲ್ಲಿ, ಅದೇ ದೇಶದ ನೈಋತ್ಯ ಮೂಲೆಯ ಆರಿಜೋನ ಮರುಭೂಮಿಯಲ್ಲಿ, ಮಧ್ಯಾಹ್ನದ ಬಿಸಿಲು ಹಿತವಾಗಿ ಮೈ ಕಾಯಿಸುತ್ತಿರುತ್ತದೆ. ಆದುದರಿಂದಲೇ ನಿವೃತ್ತರಾದ ಸಾವಿರಾರು ದಂಪತಿಗಳು ಚಳಿಗಾಲ ಬಂತೆಂದರೆ ಮನೆಗೆ ಬೀಗ ಹಾಕಿ ದಕ್ಷಿಣದ ದಾರಿ ಹಿಡಿಯುತ್ತಾರೆ. ವಸಂತ ಬಂದ ಮೇಲೆ ಮರಳುತ್ತಾರೆ. ಹಕ್ಕಿಗಳಂತೆ ವಲಸೆ ಹೋಗುವ ಇವರಿಗೆ ಆ ದೇಶದವರು ಇಟ್ಟಿರುವ ಹೆಸರು ‘ಸ್ನೋಬರ್ಡ್’, ಎಂದರೆ ಹಿಮದ ಹಕ್ಕಿ.

ಈ ಹಕ್ಕಿಗಳಲ್ಲಿ ಅನೇಕರು ಗೂಡನ್ನೂ ತಮ್ಮೊಡನೆಯೇ ಒಯ್ಯುತ್ತಾರೆ. ‘ಆರ್.ವಿ.’ ಎಂದು ಕರೆಯುವ ಆ ವಾಹನವನ್ನು ಮೋಟಾರು ಮನೆ ಎನ್ನಬಹುದು. ಬಸ್ಸಿನಷ್ಟು ಉದ್ದದ ಗಾಡಿಯೊಳಗೆ ಮಂಚ, ಒಲೆ, ಶೀತಪೆಟ್ಟಿಗೆ, ಸ್ನಾನದ ಕೋಣೆ, ಕುಡಿಯುವ ನೀರಿನ ತೊಟ್ಟಿ, ಕೊಳೆನೀರಿನ ತೊಟ್ಟಿ, ಎಲ್ಲವೂ ಉಂಟು. ಅನಿಲದ ಕಾವಿನಿಂದ ಒಳಗೆ ಬೆಚ್ಚಗಿರುತ್ತದೆ. ಹೊರನೋಟಕ್ಕೆ ಸುಖದ ಸಂಸಾರ. ಆದರೆ ಆ ಸುಖದ ಹಿಂದೆ ದಿನವೂ ಮೈ ಬಗ್ಗಿಸಿ ಮಾಡಬೇಕಾದ ಕೆಲಸಗಳಿವೆ: ಗಾಡಿಯನ್ನು ಸಮತಟ್ಟಾಗಿ ನಿಲ್ಲಿಸಬೇಕು, ವಿದ್ಯುತ್ ತಂತಿ ಸಿಕ್ಕಿಸಬೇಕು, ನೀರಿನ ಕೊಳವೆ ಜೋಡಿಸಬೇಕು, ಕೊಳೆನೀರಿನ ತೊಟ್ಟಿಯನ್ನು ಬರಿದು ಮಾಡಬೇಕು. ಇಬ್ಬರೂ ಗಟ್ಟಿಮುಟ್ಟಾಗಿದ್ದರೆ ಇದು ಆಟ. ಒಬ್ಬರ ಕಾಲು ಮುರಿದಿದ್ದರೆ?

ಹೊರಡುವುದೋ, ಬಿಡುವುದೋ

ಮಿನಿಯಾಪೊಲಿಸ್ ನಗರದ ಹೊರವಲಯದ ಒಬ್ಬ ದಂಪತಿಗಳಿಗೆ ಈ ಪ್ರಶ್ನೆ ಎದುರಾದುದು 2022ರ ಡಿಸೆಂಬರ್ ನಡುವಿನಲ್ಲಿ. ಇಬ್ಬರೂ ಎಪ್ಪತ್ತರ ಆಸುಪಾಸಿನವರು. ಆರು ಚಳಿಗಾಲಗಳನ್ನು ಮೋಟಾರು ಮನೆಯಲ್ಲಿ ಕಳೆದವರು. ಆರು ವರ್ಷವೂ ಗಾಡಿ ನಡೆಸಿದವರು ಯಜಮಾನರು. ಪಕ್ಕದಲ್ಲಿ ಕುಳಿತು ನಕ್ಷೆ ನೋಡಿದವರು ಆಕೆ. ಹೊರಗಿನ ಕೊಳವೆ, ತಂತಿ, ಚಕ್ರ ಅವರ ಪಾಲು. ಒಳಗಿನ ಅಡಿಗೆ, ಲೆಕ್ಕ, ಔಷಧಿ ಆಕೆಯ ಪಾಲು. ಇಂತಹ ಪಾಲುಪಟ್ಟಿಯನ್ನು ಯಾರೂ ಬರೆದಿಡುವುದಿಲ್ಲ. ಅದು ತಾನಾಗಿ ಆಗಿಹೋಗಿರುತ್ತದೆ.

ಒಂದು ಬೆಳಗ್ಗೆ ಮನೆಯ ಮುಂದಿನ ಹಿಮವನ್ನು ಸಲಿಕೆಯಿಂದ ಎಳೆಯುತ್ತಿದ್ದ ಯಜಮಾನರು ಮಂಜುಗಡ್ಡೆಯ ಮೇಲೆ ಜಾರಿದರು. ಬಲಗಾಲಿನ ಪಾದದ ಗಂಟಿನ ಮೂಳೆ ಮುರಿಯಿತು. ಆರು ವಾರ ಆ ಕಾಲನ್ನು ನೆಲಕ್ಕೆ ಊರಬಾರದು ಎಂದು ವೈದ್ಯರು ಕಟ್ಟು ಹಾಕಿ ಕಳುಹಿಸಿದರು. ಬಲಗಾಲು ಇಲ್ಲವೆಂದರೆ ಬ್ರೇಕು ಇಲ್ಲ. ಬ್ರೇಕು ಇಲ್ಲವೆಂದರೆ ಪ್ರವಾಸವೂ ಇಲ್ಲ. ದೂರದ ಊರಿನಲ್ಲಿದ್ದ ಮಗಳು ಕೂಡ ಈ ವರ್ಷ ಬೇಡವೆಂದಳು.

ಆದರೆ ಮನೆಯಲ್ಲಿ ಉಳಿಯುವುದೇನೂ ಸುಲಭವಾಗಿರಲಿಲ್ಲ. ಮಲಗುವ ಕೋಣೆ ಮಹಡಿಯ ಮೇಲೆ. ಬಾಗಿಲಾಚೆ ಮಾರ್ಚಿ ತಿಂಗಳವರೆಗೂ ಮಂಜುಗಡ್ಡೆ. ಊರುಗೋಲು ಹಿಡಿದವನಿಗೆ ಅದು ಸೆರೆಮನೆಗೆ ಸಮಾನ. ಮೂರು ವಾರ ಕಿಟಕಿಯ ಬಳಿ ಕುಳಿತ ಪತಿಯ ಮೌನವನ್ನು ಕಂಡು ಆಕೆ ವೈದ್ಯರನ್ನೇ ಕೇಳಿದರು. ಕಾಲಿಗೆ ಭಾರ ಬೀಳದಿದ್ದರೆ ಮೂಳೆ ಎಲ್ಲಿದ್ದರೂ ಕೂಡುತ್ತದೆ ಎಂದರು ಅವರು. ಆದರೆ ಒಂದು ಎಚ್ಚರಿಕೆ: ಕಟ್ಟು ಹಾಕಿದ ಕಾಲನ್ನು ಇಳಿಬಿಟ್ಟು ಗಂಟೆಗಟ್ಟಲೆ ಕುಳಿತರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವುಂಟು. ಆದುದರಿಂದ ಕಾಲನ್ನು ಎತ್ತರದಲ್ಲಿ ಚಾಚಿರಬೇಕು, ಬೆರಳುಗಳನ್ನು ಆಡಿಸುತ್ತಿರಬೇಕು, ಒಂದೆರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಊರುಗೋಲಿನ ಮೇಲೆ ನಾಲ್ಕು ಹೆಜ್ಜೆ ಹಾಕಬೇಕು. ಪಾದ ಊದಿದರೆ, ಮೀನಖಂಡ ನೋಯತೊಡಗಿದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಉಳಿದುದು ಚಕ್ರದ ಪ್ರಶ್ನೆ. ಆ ಗಾತ್ರದ ಮೋಟಾರು ಮನೆಗೆ ಅಲ್ಲಿ ಸಾಮಾನ್ಯ ಪರವಾನಗಿ ಸಾಕು, ಕಾನೂನಿನ ಅಡ್ಡಿಯಿಲ್ಲ. ಧೈರ್ಯ ಮಾತ್ರ ಬೇಕು. ಒಂದು ಭಾನುವಾರ ಬೆಳಗ್ಗೆ, ಅಂಗಡಿಯೊಂದರ ಬರಿದಾದ ವಿಶಾಲ ಅಂಗಳದಲ್ಲಿ, ಆಕೆ ಮೂವತ್ತು ಅಡಿಯ ಗಾಡಿಯನ್ನು ಮೊದಲ ಬಾರಿಗೆ ತಿರುಗಿಸಿದರು. ಮುಂದಿನ ಚಕ್ರ ಎಡಕ್ಕೆ ಹೊರಳಿದರೆ ಹಿಂದಿನ ಬಾಲ ಬಲಕ್ಕೆ ಬೀಸುತ್ತದೆ. ಅದನ್ನು ಕಣ್ಣಿಗಿಂತ ಮೊದಲು ಮನಸ್ಸು ಕಾಣಬೇಕು. ಎರಡು ಗಂಟೆಯ ಅಭ್ಯಾಸ ಮುಗಿಯುವಾಗ ಆಕೆಯ ಅಂಗೈ ಬೆವತಿತ್ತು. ಪತಿ ಎಡೆಬಿಡದೆ ಸೂಚನೆ ಕೊಟ್ಟಿದ್ದರು. ಮನೆಗೆ ಬಂದ ಮೇಲೆ ಆಕೆ ಆಡಿದ ಮಾತು ಒಂದೇ: “ನಾನು ಕೇಳಿದಾಗ ಹೇಳು. ಕೇಳದಿದ್ದಾಗ ರಸ್ತೆಯನ್ನು ನೋಡು.”

ಬಯಲ ಗಾಳಿ

2023ರ ಜನವರಿ ಎರಡನೆಯ ವಾರದಲ್ಲಿ ಅವರು ಹೊರಟರು. ಮುಂದಿದ್ದುದು ಮೂರು ಸಾವಿರ ಕಿಲೋಮೀಟರಿಗೂ ಮೀರಿದ ದಾರಿ. ಹಿಂದಿನ ವರ್ಷಗಳಲ್ಲಿ ಐದು ದಿನಗಳಲ್ಲಿ ಮುಗಿಸುತ್ತಿದ್ದ ಪಯಣವನ್ನು ಈ ಸಲ ಮೂರು ವಾರಕ್ಕೆ ಹಂಚಿದರು. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಓಡಿಸುವುದಿಲ್ಲ, ಮಧ್ಯಾಹ್ನ ಮೂರರ ಮೇಲೆ ಚಕ್ರ ಹಿಡಿಯುವುದಿಲ್ಲ ಎಂಬುದು ಆಕೆಯ ನಿಯಮ.

ಉತ್ತರದಿಂದ ಇಳಿಯುವ ಮೋಟಾರು ಮನೆಯ ನೀರಿನ ಕೊಳವೆಗಳಲ್ಲಿ ಮೊದಲ ಕೆಲವು ದಿನ ನೀರು ಇರುವುದಿಲ್ಲ. ಹೆಪ್ಪುಗಟ್ಟಿದ ನೀರು ಹಿಗ್ಗಿ ಕೊಳವೆಯನ್ನು ಒಡೆಯುವುದರಿಂದ, ಅವುಗಳಲ್ಲಿ ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ ತುಂಬಿಟ್ಟು, ಕುಡಿಯಲು ಡಬ್ಬಿಯ ನೀರು ಒಯ್ಯುತ್ತಾರೆ. ಹೀಗೆ ಅಯೋವ, ಮಿಸೌರಿ ದಾಟಿ ಕ್ಯಾನ್ಸಾಸ್ ರಾಜ್ಯದ ವಿಚಿಟ ನಗರ ಮುಟ್ಟಿದ ಮೇಲೆ, ಅಲ್ಲಿಂದ ನೈಋತ್ಯಕ್ಕೆ ಸಾಗುವ 54ನೆಯ ಹೆದ್ದಾರಿ ಅವರ ಸಂಗಾತಿಯಾಯಿತು. ಎರಡೂ ಕಡೆ ಗೋಧಿಯ ಬಯಲು, ಧಾನ್ಯದ ಎತ್ತರದ ಕಣಜಗಳು, ತಡೆಯಿಲ್ಲದ ಗಾಳಿ. ಅಡ್ಡಗಾಳಿ ಎತ್ತರದ ಗಾಡಿಯ ಪಕ್ಕೆಗೆ ಹೊಡೆದಾಗ ಇಡೀ ಮನೆಯೇ ವಾಲಿದಂತಾಗುತ್ತದೆ. ಒಂದು ಇಡೀ ದಿನ ಗಾಳಿ ತಗ್ಗಲೆಂದು ಅವರು ಹೊರಡದೆ ಕುಳಿತರು. ಯಜಮಾನರು ತಮ್ಮ ಕಾಲದಲ್ಲಿ ಎಂದೂ ಹೀಗೆ ನಿಂತವರಲ್ಲ, ಆದರೂ ಮಾತಾಡಲಿಲ್ಲ.

ಗಾಡಿಯ ಬಾಗಿಲಿನ ಮೂರು ಮೆಟ್ಟಿಲುಗಳೇ ಅವರ ಪಾಲಿಗೆ ಪರ್ವತವಾಗಿದ್ದವು. ಹಿಮ್ಮುಖವಾಗಿ ಮೆಟ್ಟಿಲ ಮೇಲೆ ಕುಳಿತು, ಕೈಗಳ ಬಲದಿಂದ ಒಂದೊಂದೇ ಮೆಟ್ಟಿಲು ಏರುವುದು. ಇಳಿಯುವಾಗಲೂ ಕುಳಿತೇ ಇಳಿಯುವುದು. ಸ್ನಾನಕ್ಕೆ ಕಟ್ಟಿನ ಸುತ್ತ ಪ್ಲಾಸ್ಟಿಕ್ ಚೀಲ.

ಮರಳಿನ ಮೇಲಿನ ಹೆಜ್ಜೆಗಳು

ನ್ಯೂ ಮೆಕ್ಸಿಕೋ ರಾಜ್ಯದ ಅಲಮೊಗಾರ್ಡೊ ಊರಿನ ಬಳಿ, ಬೆಟ್ಟದ ಬುಡದ ಆಲಿವರ್ ಲೀ ಉದ್ಯಾನದಲ್ಲಿ, ಬಿಡಾರ ಹೂಡಿದ ಮಧ್ಯಾಹ್ನ ಬಿಸಿಲಿತ್ತು. ಬೆಚ್ಚಗಿನ ನಾಡು ಬಂತೆಂದು ಆಕೆ ಗುಲಾಬಿ ದ್ರವವನ್ನು ಹೊರಹಾಕಿ ನೀರಿನ ಕೊಳವೆ ಜೋಡಿಸಿದರು. ಆದರೆ ಸಮುದ್ರಮಟ್ಟದಿಂದ ಸಾವಿರದ ಇನ್ನೂರು ಮೀಟರಿಗೂ ಎತ್ತರದ ಮರುಭೂಮಿ ಅದು. ಒಣಹವೆಯಲ್ಲಿ ಹಗಲಿನ ಕಾವು ಸೂರ್ಯನೊಡನೆಯೇ ಹೊರಟುಹೋಗುತ್ತದೆ. ರಾತ್ರಿ ಹನ್ನೊಂದಕ್ಕೆ ಹೊರಗೆ ಶೂನ್ಯಕ್ಕಿಂತ ಕೆಳಗೆ.

ಯಜಮಾನರಿಗೆ ಎಚ್ಚರವಾಯಿತು, ಕೊಳವೆಯ ನೆನಪಾಯಿತು. ದಿನವೆಲ್ಲ ಗಾಡಿ ನಡೆಸಿ ದಣಿದು ಮಲಗಿದ್ದ ಮಡದಿಯನ್ನು ಎಬ್ಬಿಸಲು ಮನಸ್ಸು ಬರಲಿಲ್ಲ. ಸದ್ದಾಗದಂತೆ ಬಾಗಿಲು ತೆರೆದು, ಊರುಗೋಲು ಹಿಡಿದು, ಕುಳಿತೇ ಇಳಿಯತೊಡಗಿದರು. ಕೊನೆಯ ಮೆಟ್ಟಿಲ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಊರಿದ ಕೋಲು ಜಾರಿ ಕತ್ತಲಲ್ಲಿ ಬಿತ್ತು. ಕಂಬಿಯನ್ನು ತಬ್ಬಿ ಹಿಡಿದು, ಕಟ್ಟಿನ ಕಾಲನ್ನು ಗಾಳಿಯಲ್ಲಿ ಎತ್ತಿಕೊಂಡು, ಏರಲೂ ಇಳಿಯಲೂ ಆಗದೆ ಅಲ್ಲೇ ಉಳಿದರು. ತೆರೆದ ಬಾಗಿಲಿನಿಂದ ನುಗ್ಗಿದ ಚಳಿ ಆಕೆಯನ್ನು ಎಬ್ಬಿಸಿತು.

ಪತಿಯನ್ನು ಒಳಗೆ ಸೇರಿಸಿ, ಹೊರಗೆ ಹೋಗಿ ಆಕೆ ಕೊಳವೆಯನ್ನು ಬಿಚ್ಚಿ ತಂದರು. ಅದು ಬೆತ್ತದಂತೆ ಸೆಟೆದಿತ್ತು. ಆ ಹೊತ್ತಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಮೋಟಾರು ಮನೆಯಲ್ಲಿ ಮುನಿಸಿಕೊಂಡು ಹೋಗಿ ಕುಳಿತುಕೊಳ್ಳಲು ಇನ್ನೊಂದು ಕೋಣೆಯಿಲ್ಲ. ಬೆಳಗ್ಗೆ ಕಾಫಿಯ ಹೊತ್ತಿಗೆ ಆಕೆಯೇ ಹೇಳಿದರು: “ನನಗೆ ದಣಿವಾಗಿದೆಯೆಂದು ನೀನೇ ತೀರ್ಮಾನಿಸಬೇಡ. ಎಬ್ಬಿಸು. ಒಮ್ಮೆ ಎಬ್ಬಿಸಿದರೆ ಒಂದು ರಾತ್ರಿಯ ನಿದ್ದೆ ಹೋದೀತು. ಇನ್ನೊಮ್ಮೆ ನೀನು ಬಿದ್ದರೆ ನನ್ನ ವರ್ಷವೇ ಹೋಗುತ್ತದೆ.” ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಏನೂ ಮಾಡದೆ ಕುಳಿತಿರುವುದು ಮುರಿದ ಕಾಲಿಗಿಂತ ಹೆಚ್ಚು ನೋಯುತ್ತದೆ” ಎಂದರು. ಮನೆ ಬಿಟ್ಟಾಗಿನಿಂದ ಅವರು ಹೇಳದೆ ಉಳಿಸಿಕೊಂಡಿದ್ದ ಮಾತು ಅದು.

ಆ ದಿನ ಅವರು ವೈಟ್ ಸ್ಯಾಂಡ್ಸ್ ನೋಡಲು ಹೋದರು. 1933ರಿಂದ ರಾಷ್ಟ್ರೀಯ ಸ್ಮಾರಕವಾಗಿದ್ದ ಈ ಸ್ಥಳ 2019ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು 700 ಚದರ ಕಿಲೋಮೀಟರು ಹರಡಿರುವ ದಿಬ್ಬಗಳು ಹಿಮದಷ್ಟೇ ಬಿಳುಪು, ಆದರೆ ಹಿಮವಲ್ಲ. ಸಾಮಾನ್ಯ ಮರಳೂ ಅಲ್ಲ. ಜಿಪ್ಸಂ ಎಂಬ ಖನಿಜದ ಪುಡಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ತಯಾರಾಗುವುದು ಇದೇ ಖನಿಜವನ್ನು ಸುಟ್ಟು. ಮುರಿದ ಮೂಳೆಗೆ ವೈದ್ಯರು ಬಹುಕಾಲದಿಂದ ಹಾಕುತ್ತಿದ್ದ ಬಿಳಿಯ ಕಟ್ಟೂ ಅದರದೇ. ದಿಬ್ಬಗಳ ನಡುವೆ ಗಾಲಿಕುರ್ಚಿಯೂ ಸಾಗಬಲ್ಲ ಎತ್ತರಿಸಿದ ಹಲಗೆದಾರಿಯೊಂದಿದೆ. ಹೋಗಿ ಬರಲು ಆರುನೂರು ಮೀಟರಿಗೆ ತುಸು ಹೆಚ್ಚು. ಯಜಮಾನರು ಊರುಗೋಲಿನ ಮೇಲೆ ಅದರ ತುದಿಯವರೆಗೂ ನಡೆದರು.

ಈ ಬಯಲಿನ ಗಟ್ಟಿನೆಲದಲ್ಲಿ ಪುರಾತನ ಮಾನವರ ಹೆಜ್ಜೆಗುರುತುಗಳು ಉಳಿದಿವೆ. 2020ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಒಂದು ಸಾಲು ಹತ್ತು ಸಾವಿರ ವರ್ಷಕ್ಕೂ ಹಳೆಯದು, ಸುಮಾರು ಒಂದೂವರೆ ಕಿಲೋಮೀಟರು ಉದ್ದದ್ದು. ಯಾರೋ ಒಬ್ಬರು, ಬಹುಶಃ ಹೆಂಗಸು, ಮಗುವೊಂದನ್ನು ಎತ್ತಿಕೊಂಡು ಕೆಸರಿನಲ್ಲಿ ಬಿರುಸಾಗಿ ನಡೆದಿದ್ದಾರೆ. ನಡುನಡುವೆ ಮಗುವನ್ನು ಕೆಳಗಿಳಿಸಿದ್ದಾರೆ. ಅಲ್ಲಿ ಪುಟ್ಟ ಪಾದಗಳ ಗುರುತು. ಮರಳುವಾಗ ಮಗುವಿಲ್ಲದೆ ಒಬ್ಬರೇ. ಈ ನಡುವೆ ಆನೆಯ ಜಾತಿಯ ಮಹಾಗಾತ್ರದ ಪ್ರಾಣಿಯೊಂದು ಆ ದಾರಿಯನ್ನು ದಾಟಿಹೋಗಿದೆ. ಹೊತ್ತ ಭಾರದಿಂದ ಹೆಜ್ಜೆಯ ಆಕಾರವೇ ಬದಲಾದುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ.

ಬಿಸಿನೀರಿನ ಊರು

ಮುಂದಿನ ತಂಗುದಾಣ ರಿಯೊ ಗ್ರಾಂಡೆ ನದಿಯ ದಡದ ಒಂದು ಸಣ್ಣ ಊರು. ಬಿಸಿನೀರಿನ ಬುಗ್ಗೆಗಳಿಂದ ‘ಹಾಟ್ ಸ್ಪ್ರಿಂಗ್ಸ್’ ಎಂದಿದ್ದ ಇದರ ಹೆಸರು 1950ರಲ್ಲಿ, ಒಂದು ರೇಡಿಯೋ ಕಾರ್ಯಕ್ರಮದ ಹೆಸರನ್ನೇ ಧರಿಸಿ, ‘ಟ್ರೂತ್ ಆರ್ ಕಾನ್ಸಿಕ್ವೆನ್ಸಸ್’ ಆಯಿತು. ನಿಜ ಹೇಳು, ಇಲ್ಲವೇ ಫಲ ಅನುಭವಿಸು ಎಂದು ಅದರ ಅರ್ಥ. ಪೋಲಿಯೋ ಪೀಡಿತ ಮಕ್ಕಳಿಗಾಗಿ 1937ರಲ್ಲಿ ಇಲ್ಲಿ ಆಸ್ಪತ್ರೆಯೊಂದು ತೆರೆಯಿತು. ಗವರ್ನರ್ ಕ್ಲೈಡ್ ಟಿಂಗ್ಲಿಯವರ ಪತ್ನಿ ಕ್ಯಾರಿ ಟಿಂಗ್ಲಿಯವರ ಹೆಸರನ್ನು ಹೊತ್ತ ಆ ಆಸ್ಪತ್ರೆ 1981ರಲ್ಲಿ ಆಲ್ಬುಕರ್ಕಿ ನಗರಕ್ಕೆ ಹೋಯಿತು.

ಕಟ್ಟು ಹಾಕಿದ ಕಾಲನ್ನು ಬಿಸಿನೀರಿಗೆ ಇಳಿಸುವಂತಿಲ್ಲ. ಆದರೆ ಗಾಡಿ ನಡೆಸಿದವರ ಭುಜಗಳಿಗೂ ಚಿಕಿತ್ಸೆ ಬೇಕಲ್ಲವೆ? ಯಜಮಾನರ ಒತ್ತಾಯಕ್ಕೆ ಆಕೆ ಎರಡು ದಿನವೂ ಬುಗ್ಗೆಯ ಸ್ನಾನ ಮಾಡಿದರು. ಆಕೆ ಮರಳುವಷ್ಟರಲ್ಲಿ ಎತ್ತರದ ಪೀಠದ ಮೇಲೆ ಕುಳಿತು ಯಜಮಾನರು ಹುರುಳಿಕಾಯಿ ಹೆಚ್ಚಿ ಸಾರು ಕುದಿಸಿದ್ದರು. ಉಪ್ಪು ಹೆಚ್ಚಾಗಿತ್ತು. ಅಂದಿನಿಂದ ಅಡಿಗೆ ಅವರದು, ಲೆಕ್ಕಪುಸ್ತಕವೂ ಅವರದೇ.

ಕಳ್ಳಿಯ ಗಾಯ, ಮರುಭೂಮಿಯ ಊರು

ಫೆಬ್ರವರಿಯ ಮೊದಲಲ್ಲಿ ಟ್ಯೂಸಾನ್ ನಗರದಲ್ಲಿ ಹೊಸ ಕ್ಷಕಿರಣ ಚಿತ್ರ ತೆಗೆಸಿದರು. ಅರವತ್ತೈದು ದಾಟಿದವರಿಗಾಗಿ 1965ರ ಕಾನೂನಿನಿಂದ ಬಂದ ಮೆಡಿಕೇರ್ ವಿಮೆಯ ಮೂಲ ಯೋಜನೆ, ಅದನ್ನು ಒಪ್ಪುವ ಯಾವ ರಾಜ್ಯದ ವೈದ್ಯರಲ್ಲಿಯೂ ನಡೆಯುತ್ತದೆ. ಹಿಮಹಕ್ಕಿಗಳಿಗೆ ಅದು ದೊಡ್ಡ ಆಸರೆ. ಮೂಳೆ ಕೂಡಿಕೊಳ್ಳುತ್ತಿತ್ತು. ಕಟ್ಟು ಬಿಚ್ಚಿ, ನಡೆಯಲು ಗಟ್ಟಿಯಾದ ಬೂಟು ಕೊಟ್ಟರು.

ಊರಿನ ಎರಡು ಪಕ್ಕಗಳಲ್ಲೂ ಸಗ್ವಾರೊ ಎಂಬ ಮಹಾಕಳ್ಳಿಯ ಕಾಡುಗಳಿವೆ. ನೂರೈವತ್ತು ವರ್ಷ ಬಾಳುವ ಈ ಗಿಡಕ್ಕೆ ಮೊದಲ ತೋಳು ಮೂಡಲು ಹಲವೊಮ್ಮೆ ಐವತ್ತರಿಂದ ಎಪ್ಪತ್ತೈದು ವರ್ಷ ಬೇಕು. ಮರಕುಟಿಗ ಇದರ ಒಡಲನ್ನು ಕೊರೆದು ಗೂಡು ಮಾಡುತ್ತದೆ. ಆಗ ಕಳ್ಳಿಯು ಗಾಯದ ಸುತ್ತ ಗಟ್ಟಿಯಾದ ಪೊರೆ ಬೆಳೆಸಿ ತನ್ನ ನೀರನ್ನು ಕಾಯ್ದುಕೊಳ್ಳುತ್ತದೆ. ಗಿಡ ಸತ್ತು ಕೊಳೆತ ಮೇಲೂ ಆ ಪೊರೆ ಪಾತ್ರೆಯಂತೆ ಉಳಿಯುತ್ತದೆ. ಅದಕ್ಕೆ ಅಲ್ಲಿನವರು ಹೇಳುವ ಹೆಸರೂ ‘ಬೂಟು’ ಎಂದೇ. ಉದ್ಯಾನದಲ್ಲಿ ಇದನ್ನು ತಿಳಿದು ಯಜಮಾನರು ಮನಸಾರೆ ನಕ್ಕರು.

ಕೊನೆಯ ನಿಲುಗಡೆ ಕ್ವಾರ್ಟ್ಸೈಟ್. 2020ರ ಜನಗಣತಿಯಂತೆ ಎರಡೂವರೆ ಸಾವಿರಕ್ಕೂ ಕಡಿಮೆ ಜನರ ಈ ಊರಿನ ಸುತ್ತಲಿನ ಬಯಲು ಚಳಿಗಾಲದಲ್ಲಿ ಮೋಟಾರು ಮನೆಗಳ ನಗರವಾಗುತ್ತದೆ. ಸರಕಾರಿ ಭೂಮಿಯಲ್ಲಿ, ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ, ಪರವಾನಗಿ ಪಡೆದು ತಂಗುವ ಏರ್ಪಾಡು 1983ರಿಂದ ಇದೆ. ಊರಿನ ಸ್ಮಶಾನದಲ್ಲಿ ತುದಿಗೆ ಒಂಟೆಯ ಬೊಂಬೆಯಿರುವ ಕಲ್ಲಿನ ಗೋಪುರವೊಂದುಂಟು. ಅಮೆರಿಕದ ಸೈನ್ಯ ಮರುಭೂಮಿ ದಾಟಲೆಂದು 1856ರಲ್ಲಿ ತರಿಸಿದ ಒಂಟೆಗಳೊಡನೆ ಬಂದ ಹಾಜಿ ಅಲಿಯ ಸಮಾಧಿ ಅದು. ಜನರ ಬಾಯಲ್ಲಿ ಆತ ‘ಹೈ ಜಾಲಿ’ ಆದ. 1902ರಲ್ಲಿ ಇಲ್ಲಿ ಮಡಿದ.

ಈ ಬಯಲಿನಲ್ಲಿ ಊರುಗೋಲು ಯಾರ ಕಣ್ಣಿಗೂ ವಿಚಿತ್ರವಲ್ಲ. ಮಂಡಿಯ ಶಸ್ತ್ರಚಿಕಿತ್ಸೆಯಾದವರು, ಸೊಂಟ ಹಿಡಿದವರು, ಗಾಲಿಕುರ್ಚಿಯವರು ಸಂಜೆ ಬೆಂಕಿಯ ಸುತ್ತ ಸೇರುತ್ತಾರೆ. ಹೊಸಬರ ಗಾಡಿ ಬಂದರೆ ಯಾರಾದರೂ ಎದ್ದು ಹೋಗಿ ಕೊಳವೆ ಹಿಡಿಯುತ್ತಾರೆ. ಆ ಚಳಿಗಾಲದಲ್ಲಿ ಗಾಡಿಯನ್ನು ಹಿಂದಕ್ಕೆ ತೆಗೆಯಲು ಅಂಜುತ್ತಿದ್ದ ಇಬ್ಬರು ಗೃಹಿಣಿಯರಿಗೆ ಕಲಿಸಿದವರು ಮಿನಿಯಾಪೊಲಿಸಿನ ಆಕೆ. ಯಜಮಾನರು ಮಾರ್ಚಿಯಲ್ಲಿ ಬೂಟು ಕಳಚಿ, ವೈದ್ಯರ ಅನುಮತಿ ಪಡೆದು, ಮತ್ತೆ ಚಕ್ರ ಹಿಡಿದರು. ಏಪ್ರಿಲಿನಲ್ಲಿ ಉತ್ತರಕ್ಕೆ ಹೊರಟಾಗ ಬೆಳಗಿನ ಎರಡು ಗಂಟೆ ಅವರು ನಡೆಸುವುದು, ಮುಂದಿನ ಎರಡು ಗಂಟೆ ಆಕೆ ನಡೆಸುವುದು ಎಂದಾಯಿತು. ನಕ್ಷೆ ಹಿಡಿದವರು ಕೇಳದೆ ಮಾತಾಡಬಾರದೆಂಬ ನಿಯಮ ಇಬ್ಬರಿಗೂ ಅನ್ವಯಿಸಿತು.