ಕಾರಿನಲ್ಲಿ ಒಂದನೇ ಕ್ಲಾಸು

ಸೇಡಂ-ಚಿತ್ತಾಪುರ ರಸ್ತೆಯ ಲಾರಿ ಡ್ರೈವರುಗಳು ನನಗೆ ತಲೆ ಕೆಟ್ಟಿದೆ ಎಂದು ಎಂದೋ ತೀರ್ಮಾನಿಸಿರಬೇಕು. ದಿನಾ ಬೆಳಿಗ್ಗೆ ಒಂದು ಹಳೆಯ ಬಿಳಿ ಕಾರು. ಒಳಗೆ ಐವತ್ತು ದಾಟಿದ, ಕನ್ನಡಕದ ಹೆಂಗಸು ಒಬ್ಬಳೇ. ಎರಡೂ ಕೈ ಸ್ಟೇರಿಂಗಿನ ಮೇಲೆ, ಬಾಯಿ ಮಾತ್ರ ವಟವಟ. ಒಮ್ಮೆ ರೈಲ್ವೆ ಗೇಟು ಬಿದ್ದು ಗಾಡಿಗಳೆಲ್ಲ ನಿಂತಾಗ ಪಕ್ಕದ ಲಾರಿಯ ಕ್ಲೀನರ್ ಹುಡುಗ ಬಗ್ಗಿ ನೋಡಿ, "ಯಾರ ಜೋಡಿ ಮಾತಾಡ್ಲತ್ತೀರಿ ಅಕ್ಕಾ?" ಎಂದು ಕೇಳಿಯೇಬಿಟ್ಟ. "ರಷ್ಯಾದವರ ಜೋಡಿ ಬಿಡಪ್ಪಾ" ಎಂದೆ. ಅವನು ಮರುಮಾತಿಲ್ಲದೆ ತಲೆಯನ್ನು ಒಳಗೆ ಎಳೆದುಕೊಂಡ.

ನಾನು ಹೇಳಿದ್ದು ಖರೇನೇ. ಅದಕ್ಕೆ ಕಾರಣ ಒಂದು ರಾತ್ರಿ.

ನನ್ನ ಮಗಳು ವೈದ್ಯಕೀಯ ಓದಲು ರಷ್ಯಾದ ತ್ವೇರ್ ಎಂಬ ಊರಿಗೆ ಹೋಗಿದ್ದಾಳೆ. ನಮ್ಮ ಜಿಲ್ಲೆಯಲ್ಲಿ ಇದೇನು ದೊಡ್ಡ ಸುದ್ದಿಯಲ್ಲ. ಇಲ್ಲಿ ಸೀಟು ಸಿಗದ, ಸಿಕ್ಕರೂ ದುಡ್ಡು ಹೊಂದದ ಎಷ್ಟೋ ಮನೆಗಳ ಮಕ್ಕಳು ಅತ್ತ ಹೋಗಿದ್ದಾರೆ. 2023ರ ಜನವರಿಯಲ್ಲಿ ಒಂದು ರಾತ್ರಿ ಅವಳ ಫೋನು ಬರಲಿಲ್ಲ. ನಮ್ಮ ಗಡಿಯಾರಕ್ಕಿಂತ ಅವರದು ಎರಡೂವರೆ ಗಂಟೆ ಹಿಂದೆ, ಇನ್ನೂ ಊಟ ಮಾಡುತ್ತಿರಬೇಕು ಎಂದುಕೊಂಡೆ. ಕೊನೆಗೆ ತಡೆಯದೆ ನಾನೇ ಮಾಡಿದೆ. ಎತ್ತಿದ್ದು ಯಾರೋ ವಯಸ್ಸಾದ ಹೆಂಗಸು. "ಮಾಮಾ? ಮಾಮಾ?" ಎಂದಳು. ನಮ್ಮ ಮನೆಯಲ್ಲಿ ಮಾಮಾ ಎಂದರೆ ಶಹಾಬಾದಿನಲ್ಲಿರುವ ನನ್ನ ಅಣ್ಣ. ಅವನನ್ನು ಈ ಹೊತ್ತಿನಲ್ಲಿ ಯಾಕೆ ಕೇಳುತ್ತಾಳೆ? ಆಮೇಲೆ ಒಂದೇ ಉಸಿರಿನಲ್ಲಿ ಏನೇನೋ ಹೇಳಿದಳು. ನಡುನಡುವೆ ಒಂದು ಮಾತು ಮಾತ್ರ ಮತ್ತೆ ಮತ್ತೆ ಬಂತು. ಹರಶೋ, ಹರಶೋ. ನಮ್ಮ 'ಹರಸು' ಎಂಬ ಮಾತಿನ ಹಾಗೆ ಕೇಳಿದ್ದರಿಂದ ಅದು ಕಿವಿಯಲ್ಲಿ ಉಳಿಯಿತು. ನನ್ನ ಇಂಗ್ಲಿಷು ಅವಳಿಗೆ ತಿಳಿಯಲಿಲ್ಲ. ಫೋನು ಕಟ್ಟಾಯಿತು.

ನನ್ನ ಮಗುವಿನ ಸುದ್ದಿ ನನ್ನ ಕಿವಿಗೇ ಬಿದ್ದಿದೆ, ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ. ಬಿ.ಎ. ಮಾಡಿ, ಬಿ.ಎಡ್. ಮಾಡಿ, ಸಾವಿರಾರು ಮಕ್ಕಳಿಗೆ ಭಾಷೆ ಕಲಿಸಿದವಳು ಆ ರಾತ್ರಿ ದೇವರ ಮುಂದೆ ಅಕ್ಷರ ಅರಿಯದವಳ ಹಾಗೆ ಕೂತಿದ್ದೆ. ಬೆಳಗಿನ ಜಾವ ಮಗಳೇ ಫೋನು ಮಾಡಿದಳು. ಜ್ವರ ಏರಿತ್ತಂತೆ, ದವಾಖಾನೆಗೆ ಕರೆದುಕೊಂಡು ಹೋಗಿದ್ದರಂತೆ. ಫೋನು ಹಾಸ್ಟೆಲಿನ ಬಾಗಿಲಲ್ಲಿ ಕೂಡುವ ಮುದುಕಿಯ ಹತ್ತಿರ ಉಳಿದಿತ್ತಂತೆ. "ಈಗ ಆರಾಮಿದ್ದೀನಿ ಅವ್ವಾ" ಎಂದು ಎರಡು ಮಾತಾಡಿ ಇಟ್ಟಳು. ಅವಳ ದನಿ ಕೇಳಿದ ಮೇಲೆ ಹರಶೋ ಎಂದರೇನೆಂದು ಕೇಳುವುದು ಮರೆತೇ ಹೋಯಿತು.

ಆ ವಾರವೇ ಫೋನಿನಲ್ಲಿ ಕೇಳುವ ರಷ್ಯನ್ ಪಾಠಗಳನ್ನು ಹಾಕಿಸಿಕೊಂಡೆ. ಮನೆಯಲ್ಲಿ ಕೂತು ಕಲಿಯಲು ಯಾವ ಹೆಂಗಸಿಗೆ ಪುರುಸೊತ್ತಿದೆ? ನನಗೆ ಸಿಗುವ ಏಕಾಂತವೆಂದರೆ ಶಾಲೆಗೆ ಹೋಗಿ ಬರುವ ದಾರಿ ಒಂದೇ. ಗಾಡಿ ಹೊರಡುವ ಮೊದಲೇ ಪಾಠ ಹಚ್ಚಿ ಫೋನನ್ನು ಬ್ಯಾಗಿನೊಳಗೆ ಇಡುತ್ತೇನೆ. ಊರೊಳಗೆ ಬಂದರೆ, ಎದುರಿಗೆ ಸಿಮೆಂಟಿನ ಲಾರಿಗಳ ಸಾಲು ಕಂಡರೆ, ಬಾಯಿ ಮುಚ್ಚಿಬಿಡುತ್ತೇನೆ. ಭಾಷೆ ಕಲಿಯುವುದಕ್ಕಿಂತ ಮನೆ ಮುಟ್ಟುವುದು ಮುಖ್ಯ.

ಒಂದೊಂದು ಪಾಠ ಅರ್ಧ ಗಂಟೆ. ಇಂಥ ಪಾಠಗಳ ಹಿಂದೆ ಪಾಲ್ ಪಿಮ್ಸ್ಲರ್ ಎಂಬ ಅಮೆರಿಕದ ವಿದ್ವಾಂಸರು 1967ರಲ್ಲಿ ಹೇಳಿದ ಒಂದು ಲೆಕ್ಕವಿದೆ. ಹೊಸ ಮಾತನ್ನು ಕೇಳಿಸಿದ ಮೇಲೆ 5 ಸೆಕೆಂಡಿಗೆ, ಆಮೇಲೆ 25 ಸೆಕೆಂಡಿಗೆ, 2 ನಿಮಿಷಕ್ಕೆ, 10 ನಿಮಿಷಕ್ಕೆ ಹೀಗೆ ಅಂತರ ಹೆಚ್ಚಿಸುತ್ತ, ಇನ್ನೇನು ಮರೆಯಬೇಕು ಎನ್ನುವ ಹೊತ್ತಿಗೆ ಮತ್ತೆ ಕೇಳಬೇಕು. ಒಲೆಯ ಮೇಲಿನ ಬೇಳೆ ತಳ ಹಿಡಿಯುವ ಮೊದಲು ಸೌಟು ಆಡಿಸುತ್ತೇವಲ್ಲ, ಹಾಗೆ.

ಐದನೆಯದೋ ಆರನೆಯದೋ ಪಾಠ. ಭಾನುವಾರ ಅಣ್ಣನ ಮನೆಗೆ ಹೊರಟಿದ್ದೆ. ವಾಡಿ ದಾಟಿ ಶಹಾಬಾದಿನ ದಾರಿ ಹಿಡಿದಿದ್ದೆ. ಪಾಠದೊಳಗಿನ ಗಂಡಸು ಕೇಳಿದ, ಹೇಗಿದ್ದೀರಿ? ಹೆಂಗಸು ಉತ್ತರ ಕೊಟ್ಟಳು, "ಹರಶೋ." ಚೆನ್ನಾಗಿದ್ದೇನೆ. ನಾನು ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದೆ. ಎದೆ ಡವಡವ ಎನ್ನುತ್ತಿತ್ತು. ರಾತ್ರಿಯೇ ಮಗಳಿಗೆ ಕೇಳಿದೆ, ಮಾಮಾ ಎಂದರೇನು ಎಂದು. "ಅಮ್ಮ ಅಂತ ಅವ್ವಾ!" ಎಂದು ನಕ್ಕಳು. ಆ ಮುದುಕಿ ಆ ರಾತ್ರಿ ನನಗೆ ಹೇಳಿದ್ದು ಇಷ್ಟೇ. ಅಮ್ಮಾ, ಎಲ್ಲ ಚೆನ್ನಾಗಿದೆ, ಚೆನ್ನಾಗಿದೆ. ಸಮಾಧಾನದ ಮಾತನ್ನೇ ಕೇಳುತ್ತ ನಾನು ಬೆಳತನಕ ಅತ್ತಿದ್ದೆ.

ಅಲ್ಲಿಂದ ಆ ಭಾಷೆಯ ಮೇಲೆ ಸಿಟ್ಟು ಹೋಗಿ ಸಲಿಗೆ ಬಂತು. ಇಂಗ್ಲಿಷಿನಲ್ಲಿ 'ಈಸ್' ಇಲ್ಲದೆ ವಾಕ್ಯ ನಿಲ್ಲುವುದಿಲ್ಲ. ರಷ್ಯನ್ನಿಗೆ ಆ ಊರುಗೋಲು ಬೇಡ. 'ಎತಾ ದೋಮ್' ಎಂದರೆ ಸಾಕು, ನಮ್ಮ 'ಇದು ಮನೆ' ಎಂಬಂತೆಯೇ. ನೀನು-ನೀವು ಎಂಬ ಭೇದ ಅವರಲ್ಲೂ ಇದೆ. ಎರಡಕ್ಕೆ ದ್ವಾ, ಮೂರಕ್ಕೆ ತ್ರಿ, ಬಾಗಿಲಿಗೆ ದ್ವೇರ್. ಸಂಸ್ಕೃತದ ದ್ವಿ, ತ್ರಿ, ದ್ವಾರಗಳ ದೂರದ ನಂಟರು. ಬಜಾರು ಅಲ್ಲಿಯೂ ಬಜಾರೇ. ನಮ್ಮ ಅಜ್ಜಿಯ ಸಂದೂಕ ಅಲ್ಲಿ ಸುಂದೂಕ್. ಚಹಾ ಅಲ್ಲಿ ಚಾಯ್. ಆದರೆ ಕಷ್ಟವೂ ಉಂಟು. ನಮಸ್ಕಾರ ಎನ್ನಬೇಕಾದರೆ 'ಜ್ದ್ರಾಸ್ತ್ವುಯ್ತೆ' ಎನ್ನಬೇಕು. ಆರೋಗ್ಯವಾಗಿರಿ ಎಂದು ಅದರ ಅರ್ಥವಂತೆ; ಹೇಳುವವರ ನಾಲಿಗೆಯ ಆರೋಗ್ಯ ಕೇಳುವವರಿಲ್ಲ.

ಮಗಳು ಒಮ್ಮೆ ಅಲ್ಲಿನ ವೋಲ್ಗಾ ನದಿಯ ದಂಡೆಯಲ್ಲಿರುವ ಒಂದು ಪ್ರತಿಮೆಯ ಫೋಟೋ ಕಳಿಸಿದಳು. 1955ರಲ್ಲಿ ನಿಲ್ಲಿಸಿದ ಅಫನಾಸಿ ನಿಕಿತಿನ್‌ನ ಪ್ರತಿಮೆ. ಹದಿನೈದನೆಯ ಶತಮಾನದ ಈ ತ್ವೇರಿನ ವ್ಯಾಪಾರಿ ಒಂದು ಕುದುರೆ ಹಿಡಿದುಕೊಂಡು ನಮ್ಮ ಬೀದರಿಗೆ ಬಂದು, ಅದನ್ನು ಅಲ್ಲೇ ಮಾರಿದ. ಕಲಬುರಗಿಯ ಹೆಸರು, ಆಳಂದದ ಜಾತ್ರೆ ಅವನ ಬರಹದಲ್ಲಿವೆ. ದಾರಿಯಲ್ಲಿ ಕಿವಿಗೆ ಬಿದ್ದ ತುರ್ಕಿ, ಫಾರಸಿ, ಅರಬಿ ಮಾತುಗಳನ್ನು ರಷ್ಯನ್ ಲಿಪಿಯಲ್ಲೇ ಬರೆದುಕೊಂಡು, ಪ್ರಾರ್ಥನೆಯನ್ನು ಸಹ ಆ ಕಲಬೆರಕೆ ಭಾಷೆಯಲ್ಲಿ ಮಾಡಿದ. ಮರಳುವಾಗ ಊರು ಮುಟ್ಟುವ ಮೊದಲೇ ತೀರಿಕೊಂಡ. ಬರಹ ಮಾತ್ರ 1475ರಲ್ಲಿ ಮಾಸ್ಕೋ ತಲುಪಿತು. ರಷ್ಯನ್ ಮಾತುಗಳನ್ನು ಕನ್ನಡದಲ್ಲಿ ಗೀಚಿಕೊಂಡ ನನ್ನ ಅಡಿಗೆಮನೆಯ ನೋಟುಬುಕ್ಕನ್ನು ನೋಡಿದಾಗ ಅವನು ನಮ್ಮವನೇ ಅನ್ನಿಸಿತು.

ಇಷ್ಟಾದರೂ ಪಾಠದಲ್ಲಿ ನಾನು ದಡ್ಡಿಯೇ. ಪ್ರಶ್ನೆ ಬಂದಾಗ ಉತ್ತರ ಎದೆಯೊಳಗೆ ಇರುತ್ತದೆ, ತುಟಿಗೆ ಬರುವುದಿಲ್ಲ. ಪುಣ್ಯಕ್ಕೆ ಆ ದನಿ ಪ್ರಶ್ನೆ ಕೇಳಿ ಸುಮ್ಮನಿರುತ್ತದೆ. ಬೈಯುವುದಿಲ್ಲ, ಪಕ್ಕದವರನ್ನು ಎಬ್ಬಿಸುವುದಿಲ್ಲ. ಆ ಮೌನದಲ್ಲಿ ಒಂದು ದಿನ ನಮ್ಮ ಆರನೇ ಕ್ಲಾಸಿನ ಹುಡುಗಿಯೊಬ್ಬಳ ಮುಖ ಕಣ್ಣಿಗೆ ಕಟ್ಟಿತು.

ಅವಳದು ಚಿಂಚೋಳಿ ಕಡೆಯ ತಾಂಡಾ. ತಂದೆತಾಯಿ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ದುಡಿಯುವವರು. ಹುಡುಗಿ ಅವರ ಹಿಂದೆ ಊರೂರು ಅಲೆದು, ಈಗ ನಮ್ಮ ಊರಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದು ಶಾಲೆಗೆ ಬರುತ್ತಿದ್ದಳು. ಮನೆಮಾತು ಲಂಬಾಣಿ, ಬೀದಿಯಲ್ಲಿ ಕಲಿತದ್ದು ಮರಾಠಿ, ನನ್ನ ಪುಸ್ತಕದಲ್ಲಿ ಕನ್ನಡ. ಎರಡು ತಿಂಗಳು ಬಾಯಿ ಬಿಟ್ಟಿರಲಿಲ್ಲ. "ಬಾಯಾಗ ಏನ್ ಕಡುಬು ಇಟ್ಕೊಂಡೀಯೇನು?" ಎಂದು ನಾನು ಕೇಳಿದ್ದೆ. ಕ್ಲಾಸೆಲ್ಲ ನಕ್ಕಿತ್ತು. ನಾನೂ ನಕ್ಕಿದ್ದೆ.

ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ. ಮೂರು ಸೆಕೆಂಡು ಕಾದರೆ ಸುಮ್ಮನಿರುವ ಮಕ್ಕಳೂ ಮಾತಾಡತೊಡಗುತ್ತಾರೆ. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಆ ಎರಡು ಸೆಕೆಂಡುಗಳನ್ನು ಎಷ್ಟು ಮಕ್ಕಳಿಂದ ಕಿತ್ತುಕೊಂಡಿರಬಹುದು?

ಮರುದಿನ ಅವಳ ಹತ್ತಿರ ಹೋಗಿ ಕೂತೆ. "ಅವ್ವಗ ನಿಮ್ಮ ಮಾತಿನಾಗ ಏನಂತೀರಿ?" ಎಂದೆ. ಮನಸ್ಸಿನಲ್ಲೇ ಎಣಿಸಿದೆ. ಮೂರಲ್ಲ, ಹತ್ತಾಯಿತು. ತಲೆ ಎತ್ತದೆ, "ಯಾಡಿ" ಎಂದಳು. ನಾನು ಬೋರ್ಡಿನ ಮೇಲೆ ಅವ್ವ, ಯಾಡಿ, ಮಾಮಾ ಎಂದು ಮೂರನ್ನೂ ಬರೆದೆ. ಮಾಮಾ ಎಂದರೆ ರಷ್ಯಾದಲ್ಲಿ ಅವ್ವ ಎಂದು ಹೇಳಿದಾಗ ಎಲ್ಲರಿಗಿಂತ ಮೊದಲು ನಕ್ಕವಳು ಅವಳೇ.

ಈಚೆಗೆ ಮಗಳು ಆ ಮುದುಕಿಯ ಕೈಗೆ ಫೋನು ಕೊಟ್ಟಳು. ವಾರದಿಂದ ಅಭ್ಯಾಸ ಮಾಡಿದ ಮಾತೆಲ್ಲ ಮರೆತುಹೋಯಿತು. "ಸ್ಪಸೀಬಾ" ಎಂದೆ. ಉಪಕಾರವಾಯಿತು ಎಂಬ ಅದೊಂದೇ ಮಾತು. ನನ್ನ ಉಚ್ಚಾರಕ್ಕೆ ಅವಳು ನಕ್ಕಿರಬೇಕು. ಆದರೆ ನಾನು ಮುಂದಿನ ಮಾತಿಗೆ ತಡಕಾಡುವಾಗ ಅವಸರ ಮಾಡಲಿಲ್ಲ. ಆ ಕಡೆಯಿಂದ ಸುಮ್ಮನೆ ಕಾಯುತ್ತಿದ್ದಳು.